ಒಬ್ಬರೇ ಆಡುವ ಸಹಕಾರಿ ದಾಳದಾಟ: ಗರ ಬಿದ್ದ ಮೇಲೆ ಉಳಿಯುವ ಆಯ್ಕೆ

ಪ್ರಶ್ನೆ: ರಾತ್ರಿ ಊಟವಾದ ಮೇಲೆ ನನಗೆ ಸುಮಾರು ಒಂದು ಗಂಟೆ ಬಿಡುವು ಸಿಗುತ್ತದೆ. ಆ ಹೊತ್ತಿನಲ್ಲಿ ಮತ್ತೆ ಪರದೆ ನೋಡುವ ಬದಲು ಒಬ್ಬನೇ ಕುಳಿತು ಆಡಬಹುದಾದ ಬೋರ್ಡ್ ಗೇಮ್ ಒಂದನ್ನು ಕೊಳ್ಳಬೇಕೆಂದಿದ್ದೇನೆ. ರಾಕ್ಷಸರು, ಮಂತ್ರ, ಕತ್ತಿ ಇರುವ ಫ್ಯಾಂಟಸಿ ಕಥಾವಸ್ತು ನನಗೆ ಇಷ್ಟ. ಸ್ನೇಹಿತರು ಸಹಕಾರಿ ದಾಳದಾಟಗಳನ್ನು ನೋಡು ಎಂದಿದ್ದಾರೆ. ಆದರೆ ದಾಳದಾಟವೆಂದರೆ ಬರೀ ಅದೃಷ್ಟವಲ್ಲವೇ? ಒಬ್ಬನೇ ಆಡುವಾಗ ಅದು ‘ಸಹಕಾರಿ’ ಆಗುವುದಾದರೂ ಹೇಗೆ? ವಾರಾಂತ್ಯದಲ್ಲಿ ಹನ್ನೆರಡು ವರ್ಷದ ಮಗಳೂ ಜೊತೆಗೆ ಕೂರಬಹುದು ಎಂಬುದನ್ನು ಗಮನದಲ್ಲಿಟ್ಟು ತಿಳಿಸಿ.

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಸುಲಭ. ಸಹಕಾರಿ ಆಟದಲ್ಲಿ ಆಟಗಾರರೆಲ್ಲ ಒಂದೇ ಪಕ್ಷ, ಎದುರಾಳಿ ಎಂದರೆ ಆಟದ ನಿಯಮವೇ. ಶತ್ರುವಿನ ಕಾರ್ಡಿನಲ್ಲಿ ಏನು ಬರೆದಿದೆಯೋ ಅದು ನಡೆಯುತ್ತದೆ. ಅದಕ್ಕೆ ಯೋಚನೆಯಿಲ್ಲ, ಮೋಸವಿಲ್ಲ, ನಿಮ್ಮ ಮುಖ ನೋಡಿ ಮನಸ್ಸು ಓದುವ ಚಾತುರ್ಯವೂ ಇಲ್ಲ. ಹೀಗಿರುವಾಗ ಮೇಜಿನ ಈಚೆ ನಾಲ್ವರು ಕುಳಿತಿದ್ದಾರೋ ಒಬ್ಬರೇ ಇದ್ದಾರೋ ಎಂಬುದು ಆಟದ ಯಂತ್ರಕ್ಕೆ ದೊಡ್ಡ ವಿಷಯವಲ್ಲ. ನಿಜ ಹೇಳಬೇಕೆಂದರೆ, ನಾಲ್ವರು ಕೂತಾಗ ಅನುಭವಿ ಆಟಗಾರನೊಬ್ಬ ‘ನೀನು ಅದನ್ನು ಅಲ್ಲಿಡು, ನೀನು ಇದನ್ನು ಇಲ್ಲಿಡು’ ಎಂದು ಉಳಿದ ಮೂವರ ಆಟವನ್ನೂ ತಾನೇ ಆಡಿಬಿಡುವ ಪೀಡೆ ಈ ಬಗೆಯ ಆಟಗಳಿಗೆ ಮೊದಲಿನಿಂದಲೂ ಅಂಟಿಕೊಂಡಿದೆ. ಒಬ್ಬರೇ ಆಡಿದರೆ ಆ ಪೀಡೆ ತಾನಾಗಿಯೇ ತಪ್ಪುತ್ತದೆ.

ಈ ಸಾಹಸದ ಆಟಗಳ ಮೂಲ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ನೆಲಮಾಳಿಗೆ, ರಾಕ್ಷಸ, ಅನುಭವದಿಂದ ಏರುವ ಮಟ್ಟ ಎಂಬ ಪರಿಭಾಷೆ ಮನೆಮಾತಾದದ್ದು ಅಲ್ಲಿಂದಲೇ. ಅದರಲ್ಲಿ ಕಥೆ ನಡೆಸಲು, ಬಾಗಿಲಾಚೆ ಏನಿದೆ ಎಂದು ಹೇಳಲು ಒಬ್ಬ ಸೂತ್ರಧಾರ ಬೇಕೇ ಬೇಕು. ಇಂದಿನ ಸೋಲೋ ಆಟಗಳು ಮಾಡಿರುವ ಕೆಲಸವೆಂದರೆ ಆ ಸೂತ್ರಧಾರನ ಕುರ್ಚಿಯಲ್ಲಿ ಒಂದು ಕಟ್ಟು ಕಾರ್ಡುಗಳನ್ನು ಕೂರಿಸಿರುವುದು.

ಇನ್ನು ಅದೃಷ್ಟದ ಪ್ರಶ್ನೆ. ಹಾವು ಏಣಿ ಆಟವನ್ನೂ ಚೌಕಾಬಾರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಹಾವು ಏಣಿಯಲ್ಲಿ ದಾಳ ಬಿದ್ದ ಕ್ಷಣಕ್ಕೆ ಎಲ್ಲವೂ ಮುಗಿಯಿತು, ಕಾಯಿ ಸರಿಸುವ ಕೈ ನಿಮ್ಮದು ಎಂಬುದಷ್ಟೇ ನಿಮ್ಮ ಪಾತ್ರ. ಚೌಕಾಬಾರದಲ್ಲಿ ಹಾಗಲ್ಲ. ನಾಲ್ಕು ಕವಡೆಯೂ ಅಂಗಾತ ಬಿದ್ದು ಚೌಕ ಬಂತೋ, ನಾಲ್ಕೂ ಬೋರಲು ಬಿದ್ದು ಬಾರ ಬಂತೋ ಅದು ಅದೃಷ್ಟವೇ. ಆದರೆ ಆ ಗರಕ್ಕೆ ಯಾವ ಕಾಯಿ ನಡೆಸಬೇಕು, ಎದುರಿನವರ ಕಾಯಿ ಕಡಿಯಬೇಕೋ ತನ್ನದನ್ನು ಕಟ್ಟೆಗೆ ಸೇರಿಸಬೇಕೋ ಎಂಬುದು ಆಡುವವರ ಬುದ್ಧಿಗೆ ಬಿಟ್ಟದ್ದು. ಹಳ್ಳಿಯ ಜಗಲಿಯಲ್ಲಿ ಮೊಮ್ಮಕ್ಕಳೊಡನೆ ಆಡುವ ಅಜ್ಜಿ ಹೆಚ್ಚು ಸಲ ಗೆಲ್ಲುವುದು ಕವಡೆ ಅವರ ಮಾತು ಕೇಳುವುದರಿಂದಲ್ಲ. ಆದ್ದರಿಂದ ದಾಳದಾಟವೊಂದನ್ನು ಅಳೆಯುವಾಗ ದಾಳ ಎಷ್ಟು ಸಲ ಉರುಳುತ್ತದೆ ಎಂದು ಕೇಳಬೇಡಿ. ಗರ ಬಿದ್ದ ಮೇಲೆ ನನಗೆ ಮಾಡಲು ಎಷ್ಟು ಉಳಿದಿರುತ್ತದೆ ಎಂದು ಕೇಳಿ. ನಾನು ಆಟಗಳನ್ನು ಆರಿಸುವುದು ಈ ಒಂದೇ ಪ್ರಶ್ನೆಯಿಂದ, ಅದೇ ಪ್ರಶ್ನೆ ನಿಮಗೆ ‘ಒನ್ ಡೆಕ್ ಡಂಜನ್’ ಎಂಬ ಆಟವನ್ನು ಸೂಚಿಸುವಂತೆ ಮಾಡುತ್ತಿದೆ.

ಕ್ರಿಸ್ ಸೀಸ್ಲಿಕ್ ರೂಪಿಸಿ, ಅಸ್ಮಾಡಿ ಗೇಮ್ಸ್ 2016ರಲ್ಲಿ ಪ್ರಕಟಿಸಿದ ಈ ಆಟ ಅಂಗೈಯಗಲದ ಪೆಟ್ಟಿಗೆಯಲ್ಲಿ ಬರುತ್ತದೆ. ಒಂದು ಕಟ್ಟು ಕಾರ್ಡು, 30 ಪುಟ್ಟ ದಾಳ, ಐವರು ನಾಯಕಿಯರು, ಎದುರಿಸಲು ಐದು ನೆಲಮಾಳಿಗೆಗಳು. ನಾಯಕಿಯರೆಂದು ಬೇಕೆಂದೇ ಬರೆದೆ: ಯೋಧೆ, ಮಾಂತ್ರಿಕೆ, ಬಿಲ್ಲುಗಾತಿ, ಕಳ್ಳಿ, ಧರ್ಮಯೋಧೆ, ಐವರೂ ಹೆಂಗಸರೇ. ಒಂದು ಪೆಟ್ಟಿಗೆಯಲ್ಲಿ ಒಬ್ಬರು ಅಥವಾ ಇಬ್ಬರು ಆಡಬಹುದು. ಹಳದಿ ದಾಳ ಬಲಕ್ಕೆ, ಗುಲಾಬಿ ಚುರುಕುತನಕ್ಕೆ, ನೀಲಿ ಮಂತ್ರಕ್ಕೆ. ಯೋಧೆಗೆ ಹಳದಿ ಹೆಚ್ಚು, ಮಾಂತ್ರಿಕೆಗೆ ನೀಲಿ ಹೆಚ್ಚು. ಕಪ್ಪು ದಾಳ ಯಾವ ಬಣ್ಣದ ಬದಲಿಗಾದರೂ ನಡೆಯುತ್ತದೆ.

ಆಟದ ನಿಜವಾದ ಜಾಣ್ಮೆ ಕಾರ್ಡುಗಳಲ್ಲಿದೆ. ಬೆನ್ನು ಮೇಲಾಗಿ ಇಟ್ಟ ಕಾರ್ಡ್ ಮುಚ್ಚಿದ ಬಾಗಿಲು. ತಿರುಗಿಸಿದರೆ ಅದೇ ರಾಕ್ಷಸ ಅಥವಾ ಗಂಡಾಂತರ. ಅದನ್ನು ದಾಟಿ ಬದುಕುಳಿದರೆ ಅದೇ ಕಾರ್ಡ್ ನಿಮ್ಮ ಗಳಿಕೆಯಾಗುತ್ತದೆ: ನಾಯಕಿಯ ಕಾರ್ಡಿನ ಒಂದು ಪಕ್ಕಕ್ಕೆ ಸಿಕ್ಕಿಸಿದರೆ ಹೊಸ ದಾಳ ಅಥವಾ ಹೆಚ್ಚುವರಿ ಜೀವ ಕೊಡುವ ಸಲಕರಣೆ, ಅಡಿಗೆ ಸಿಕ್ಕಿಸಿದರೆ ಕೌಶಲ, ಬೇರೆಡೆ ಇಟ್ಟರೆ ಮಟ್ಟ ಏರಿಸುವ ಅನುಭವ. ಮೂರರಲ್ಲಿ ಒಂದನ್ನು ಆರಿಸಿದೊಡನೆ ಉಳಿದೆರಡು ಕೈತಪ್ಪಿದಂತೆ. ಇಷ್ಟು ಸಾಲದೆಂಬಂತೆ ಅದೇ ಕಾರ್ಡುಗಳು ಗಡಿಯಾರವೂ ಹೌದು. ಪ್ರತಿ ಸರದಿಯ ಆರಂಭದಲ್ಲಿ ಕಟ್ಟಿನಿಂದ ಎರಡು ಕಾರ್ಡನ್ನು ಬದಿಗೆ ಎಸೆಯಬೇಕು, ಅದೇ ಕಳೆದುಹೋದ ಕಾಲ. ಆಮೇಲೆ ಹೊಸ ಬಾಗಿಲುಗಳನ್ನು ಹುಡುಕುತ್ತೀರೋ, ಇರುವ ಬಾಗಿಲೊಂದನ್ನು ತೆರೆಯುತ್ತೀರೋ ನಿಮ್ಮಿಷ್ಟ. ಬಾಗಿಲುಗಳು ಒಮ್ಮೆಗೆ ನಾಲ್ಕಕ್ಕಿಂತ ಹೆಚ್ಚಿರುವುದಿಲ್ಲ. ಕಟ್ಟು ಬರಿದಾದಾಗ ಕೆಳಗಿನ ಅಂತಸ್ತಿಗೆ ಮೆಟ್ಟಿಲು ಕಾಣಿಸುತ್ತದೆ. ಹೀಗೆ ಮೂರು ಅಂತಸ್ತು ಇಳಿದ ಮೇಲೆ ಆ ನೆಲಮಾಳಿಗೆಯ ಒಡೆಯ ಎದುರಾಗುತ್ತಾನೆ.

ಕಾದಾಟವನ್ನು ಹತ್ತಿರದಿಂದ ನೋಡದೆ ನಿಮ್ಮ ಸಂದೇಹ ಪರಿಹಾರವಾಗದು. ರಾಕ್ಷಸನ ಕಾರ್ಡಿನ ಮೇಲೆ ಬಣ್ಣಬಣ್ಣದ ಖಾನೆಗಳಿರುತ್ತವೆ, ನಮ್ಮ ಆಟಗಳ ಮಾತಿನಲ್ಲಿ ಅವನ್ನು ಮನೆಗಳೆನ್ನೋಣ. ಪ್ರತಿ ಮನೆಗೂ ಒಂದು ಅಂಕಿ. ಸಣ್ಣ ಮನೆಗೆ ಅದೇ ಬಣ್ಣದ ಒಂದೇ ದಾಳ, ಆ ಅಂಕಿಯಷ್ಟು ಅಥವಾ ಹೆಚ್ಚಿನದು ಬೇಕು. ಉದ್ದ ಮನೆಗೆ ಹಲವು ದಾಳ ಸೇರಿಸಿ ಮೊತ್ತ ತುಂಬಿಸಬಹುದು. ತುಂಬದೆ ಉಳಿದ ಮನೆಗಳಲ್ಲಿ ಹೃದಯದ ಗುರುತಿದ್ದರೆ ಜೀವ ಹೋಗುತ್ತದೆ, ಮರಳುಗಡಿಯಾರದ ಗುರುತಿದ್ದರೆ ಕಾಲ, ಎಂದರೆ ಕಟ್ಟಿನಿಂದ ಅಷ್ಟು ಕಾರ್ಡು, ಹೋಗುತ್ತದೆ. ಈಗ ನಾನೇ ಕಟ್ಟಿದ ಒಂದು ಉದಾಹರಣೆ. ಎದುರಿಗೆ ನಾಲ್ಕು ಮನೆಗಳಿವೆ: ಹಳದಿ 4 (ತಪ್ಪಿದರೆ ಒಂದು ಜೀವ), ಹಳದಿ 3 (ತಪ್ಪಿದರೆ ಒಂದು ಕಾಲ), ಗುಲಾಬಿ 5 (ತಪ್ಪಿದರೆ ಎರಡು ಕಾಲ), ನೀಲಿಯ ಉದ್ದ ಮನೆ 8 (ತಪ್ಪಿದರೆ ಎರಡು ಜೀವ). ನಿಮ್ಮ ಏಳು ದಾಳ ಉರುಳಿಸಿದಿರಿ: ಹಳದಿ 6, 4, 2, ಗುಲಾಬಿ 4, 3, ನೀಲಿ 5, 1.

ಮೊದಲ ನೋಟಕ್ಕೆ ಇದು ಸೋಲು. ಹಳದಿಯ ಎರಡು ಮನೆ 6 ಮತ್ತು 4ರಿಂದ ತುಂಬಿದವು. ಗುಲಾಬಿಯಲ್ಲಿ ಐದಿಲ್ಲ. ನೀಲಿ ಎರಡೂ ಸೇರಿ ಆರೇ ಆಯಿತು, ಎಂಟಕ್ಕೆ ಎರಡು ಕಡಿಮೆ. ಇಲ್ಲಿ ಆಟದ ಅತಿ ಮುಖ್ಯ ನಿಯಮ ಕೈಹಿಡಿಯುತ್ತದೆ: ಯಾವುದೇ ಎರಡು ದಾಳವನ್ನು ಬಿಟ್ಟುಕೊಟ್ಟರೆ ಒಂದು ಕಪ್ಪು ದಾಳ ಸಿಗುತ್ತದೆ, ಬಿಟ್ಟುಕೊಟ್ಟ ಎರಡರಲ್ಲಿ ಕಡಿಮೆ ಇರುವುದೇ ಅದರ ಬೆಲೆ. ಕೆಲಸಕ್ಕೆ ಬಾರದ ಗುಲಾಬಿ 4 ಮತ್ತು 3ನ್ನು ಕೊಟ್ಟರೆ ಕಪ್ಪು 3 ಬರುತ್ತದೆ, ನೀಲಿ ಮನೆಯ ಮೊತ್ತ 9 ಆಗುತ್ತದೆ, ಎರಡು ಜೀವ ಉಳಿಯುತ್ತದೆ. ಚೆನ್ನಾಗಿದೆ. ಆದರೆ ಇನ್ನೂ ಸ್ವಲ್ಪ ನೋಡಿದರೆ, ಮೂಲೆಯಲ್ಲಿ ಬಿದ್ದಿರುವ ಹಳದಿ 2ನ್ನು ಗುಲಾಬಿ 3ರ ಜೊತೆ ಕೊಟ್ಟರೂ ಕಪ್ಪು 2 ಸಿಗುತ್ತದೆ, ಮೊತ್ತ ಸರಿಯಾಗಿ 8. ಎಂಟಕ್ಕೆ ಎಂಟು ಸಾಕು. ಹಾಗೆ ಮಾಡಿದರೆ ಗುಲಾಬಿ 4 ಕೈಯಲ್ಲೇ ಉಳಿಯುತ್ತದೆ. ಒಂದು ದಾಳವನ್ನು ಮತ್ತೆ ಉರುಳಿಸುವ ಕೌಶಲವೇನಾದರೂ ನೀವು ಹಿಂದಿನ ಬಾಗಿಲಲ್ಲಿ ಆರಿಸಿಕೊಂಡಿದ್ದರೆ, ಮೂರರಲ್ಲಿ ಒಂದು ಪಾಲು ಸಂಭವದಿಂದ ಆ ಗುಲಾಬಿ ಮನೆಯೂ ತುಂಬುತ್ತದೆ. ಇಲ್ಲದಿದ್ದರೆ ಹೋದದ್ದು ಎರಡು ಕಾಲ ಮಾತ್ರ. ಗರ ಅದೇ, ಮನೆಗಳೂ ಅವೇ. ಆತುರದವನು ಎರಡು ಜೀವವನ್ನೂ ಎರಡು ಕಾಲವನ್ನೂ ಕಳೆದುಕೊಳ್ಳುವ ಕಡೆ, ತಾಳ್ಮೆಯಿಂದ ನೋಡಿದವರು ಒಂದು ಗಾಯವೂ ಇಲ್ಲದೆ ಹೊರಬರುತ್ತಾರೆ. ಒಬ್ಬರೇ ಕುಳಿತು ಮೇಜಿನ ಮೇಲೆ ದಾಳಗಳನ್ನು ಅತ್ತಿತ್ತ ಸರಿಸುತ್ತ ಐದು ನಿಮಿಷ ಕಳೆಯುವ ಸುಖ ಇಲ್ಲಿಯೇ ಇರುವುದು, ಪಕ್ಕದಲ್ಲಿ ‘ಬೇಗ ಆಡು’ ಎನ್ನುವವರಿಲ್ಲದ ಕಾರಣ ಅದು ಇಮ್ಮಡಿಯಾಗುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ಹೊಸಬರು ಎಡವುವುದೇ ಇಲ್ಲಿ. ರಾಕ್ಷಸನನ್ನು ‘ಗೆಲ್ಲಲು’ ಎಲ್ಲ ಮನೆಗಳನ್ನೂ ತುಂಬಬೇಕಾಗಿಲ್ಲ. ತುಂಬದ ಮನೆಗಳ ಪೆಟ್ಟು ತಿಂದೂ ಬದುಕಿದ್ದರೆ ಗಳಿಕೆ ನಿಮ್ಮದೇ. ಎಂದರೆ ಪ್ರತಿ ಬಾಗಿಲಿಗೂ ಒಂದು ಬೆಲೆಯಿದೆ, ಆ ಬೆಲೆಯನ್ನು ಜೀವದಲ್ಲಿ ಕೊಡುತ್ತೀರೋ ಕಾಲದಲ್ಲಿ ಕೊಡುತ್ತೀರೋ ಎಂಬುದಷ್ಟೇ ಪ್ರಶ್ನೆ. ಬೆಲೆ ದುಬಾರಿಯೆನಿಸಿದರೆ ಕಾದಾಡದೆ ಹಿಂದೆ ಸರಿಯಬಹುದು. ಆ ಕಾರ್ಡ್ ತೆರೆದೇ ಇರುತ್ತದೆ, ಬಲ ಕೂಡಿಸಿಕೊಂಡು ಮರಳಿ ಬರಬಹುದು. ಇದು ತಿಳಿಯದೆ ಪ್ರತಿ ಮನೆಯನ್ನೂ ತುಂಬಲು ಹೆಣಗಿ, ಆಟ ಅನ್ಯಾಯದ್ದು ಎಂದು ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದವರನ್ನು ನಾನು ಬಲ್ಲೆ. ಇದಕ್ಕೆ ತದ್ವಿರುದ್ಧದ ತಪ್ಪೂ ಇದೆ: ಅಂತಸ್ತಿನ ಕಾರ್ಡಿನಲ್ಲಿ ಮುದ್ರಿತವಾದ ಹೆಚ್ಚುವರಿ ಮನೆಗಳು ಪ್ರತಿ ಎದುರಾಳಿಗೂ ಸೇರುತ್ತವೆ ಎಂಬುದನ್ನು ಮರೆಯುವುದು. ಕೆಳಗಿಳಿದಂತೆಲ್ಲ ಆ ಮನೆಗಳು ಹೆಚ್ಚುತ್ತ ಹೋಗುತ್ತವೆ. ಅವನ್ನು ಬಿಟ್ಟು ಆಡಿದರೆ ಆಟ ಸಪ್ಪೆಯಾಗುತ್ತದೆ. ಒಬ್ಬರೇ ಆಡುವಾಗ ತಪ್ಪು ತೋರಿಸುವವರಿಲ್ಲವಾದ್ದರಿಂದ ಮೊದಲ ಎರಡು ಆಟಗಳಲ್ಲಿ ನಿಯಮಪುಸ್ತಿಕೆಯನ್ನು ಪಕ್ಕದಲ್ಲೇ ಬಿಚ್ಚಿಟ್ಟುಕೊಳ್ಳಿ.

ಅದೃಷ್ಟವನ್ನು ಪಳಗಿಸುವ ಲೆಕ್ಕವನ್ನೂ ಸ್ವಲ್ಪ ಹೇಳುತ್ತೇನೆ. ಗುಲಾಬಿ 5ರ ಸಣ್ಣ ಮನೆ ತುಂಬಲು ಒಂದೇ ದಾಳವಿದ್ದರೆ ಸಂಭವ ಶೇ. 33, ಎರಡಿದ್ದರೆ ಶೇ. 56, ಮೂರಿದ್ದರೆ ಶೇ. 70, ನಾಲ್ಕಿದ್ದರೆ ಶೇ. 80. ಪ್ರತಿ ಹೊಸ ದಾಳವೂ ನೆರವಾಗುತ್ತದೆ, ಆದರೆ ನೆರವು ಕ್ರಮೇಣ ಕುಗ್ಗುತ್ತದೆ. ಉದ್ದ ಮನೆಯ ಕಥೆ ಬೇರೆ. ಮೊತ್ತ 11 ಬೇಕೆಂದಿಟ್ಟುಕೊಳ್ಳಿ: ಎರಡು ದಾಳಕ್ಕೆ ಸಂಭವ ಶೇ. 8 ಮಾತ್ರ, ಮೂರಕ್ಕೆ ಸರಿಯಾಗಿ ಶೇ. 50, ನಾಲ್ಕಕ್ಕೆ ಶೇ. 84. ಎರಡರಿಂದ ಮೂರಕ್ಕೆ ಹೋಗುವಾಗಿನ ಆ ಜಿಗಿತವನ್ನು ನೋಡಿ. ಆದ್ದರಿಂದ ಯಾವುದಾದರೂ ಬಣ್ಣದಲ್ಲಿ ಎರಡೇ ದಾಳವಿದ್ದಾಗ ಮೂರನೆಯದನ್ನು ಕೊಡುವ ಸಲಕರಣೆ ಸಿಕ್ಕರೆ ನಾನು ಅನುಭವವನ್ನೂ ಕೌಶಲವನ್ನೂ ಬಿಟ್ಟು ಅದನ್ನೇ ಹಿಡಿಯುತ್ತೇನೆ, ಅದರಲ್ಲೂ ಮೊದಲ ಅಂತಸ್ತಿನಲ್ಲಿ. ಅನುಭವವನ್ನು ಪೂರ್ತಿ ಕಡೆಗಣಿಸುವಂತೆಯೂ ಇಲ್ಲ, ಮಟ್ಟ ಏರದೆ ಹೊತ್ತೊಯ್ಯಬಹುದಾದ ಸಲಕರಣೆ ಮತ್ತು ಕೌಶಲಗಳ ಮಿತಿ ಹೆಚ್ಚುವುದಿಲ್ಲ. ಕೌಶಲಗಳಲ್ಲಿ ದಾಳದ ಅಂಕಿ ಬದಲಿಸುವಂಥವಕ್ಕೆ, ಮತ್ತೆ ಉರುಳಿಸುವಂಥವಕ್ಕೆ ಆದ್ಯತೆ ಕೊಡಿ. ಅವು ಹಾಳು ಗರವನ್ನು ಹದಕ್ಕೆ ತರುವ ಸಲಕರಣೆಗಳು.

ಕುಂದುಗಳನ್ನು ಮುಚ್ಚಿಡುವುದು ಸರಿಯಲ್ಲ. ಕಥೆ ಬಯಸುವವರಿಗೆ ಈ ಆಟ ತೆಳು. ರಾಕ್ಷಸನಿಗೆ ಚಿತ್ರವಿದೆ, ಹೆಸರಿದೆ, ಅಷ್ಟೇ, ಅವನು ಯಾರು ಏಕೆ ಎಂಬುದು ನಿಮ್ಮ ಕಲ್ಪನೆಗೆ ಬಿಟ್ಟದ್ದು. ಮೊದಲ ಅಂತಸ್ತಿನಲ್ಲಿ ದಾಳಗಳ ಸಂಖ್ಯೆ ಕಡಿಮೆಯಿರುವುದರಿಂದ ಅದೃಷ್ಟದ ಹೊಡೆತವೂ ಜೋರು. ಎರಡು ಬಾಗಿಲು ಕೆಟ್ಟದಾಗಿ ಬಿದ್ದರೆ ಇಡೀ ಆಟ ಕುಂಟುತ್ತದೆ, ಅದಕ್ಕೆ ಜಾಣತನದ ಮದ್ದಿಲ್ಲ. ಹಾಗಿದ್ದೂ ನಾನು ಸಹಿಸುವುದು ಆಟ ಮುಕ್ಕಾಲು ಗಂಟೆಯೊಳಗೆ ಮುಗಿಯುವುದರಿಂದ. ಮೂರು ಗಂಟೆಯ ಆಟದಲ್ಲಿ ಇದೇ ದೋಷವಿದ್ದರೆ ಕ್ಷಮಿಸುತ್ತಿರಲಿಲ್ಲ. ಮೊದಲ ಕೆಲವು ಸಲ ನೀವು ಸೋಲುವಿರಿ. ಅದಕ್ಕೆ ಸಿದ್ಧರಾಗಿಯೇ ಕೂರಿ, ಐದು ನೆಲಮಾಳಿಗೆಗಳಲ್ಲಿ ಡ್ರ್ಯಾಗನ್‌ನ ಗುಹೆಯಿಂದ ಆರಂಭಿಸಿ. ಆಟಗಳ ನಡುವೆ ಗುರುತು ಹಾಕುತ್ತ ನಾಯಕಿಗೆ ಹೊಸ ಸಾಮರ್ಥ್ಯ ಗಳಿಸಿಕೊಡುವ ಹಾಳೆಯೊಂದು ಪೆಟ್ಟಿಗೆಯಲ್ಲಿದೆ. ಸೋಲಿನ ಆಟದಿಂದಲೂ ಅದರಲ್ಲಿ ಒಂದಿಷ್ಟು ಸೇರುವುದರಿಂದ ಮರುದಿನ ಮತ್ತೆ ಕೂರಲು ಮನಸ್ಸಾಗುತ್ತದೆ. ಕೊಳ್ಳುವ ಮುನ್ನ ಪರೀಕ್ಷಿಸಬೇಕೆಂದರೆ ಹ್ಯಾಂಡಲಾಬ್ರಾ ಗೇಮ್ಸ್ ತಂದಿರುವ ಡಿಜಿಟಲ್ ರೂಪವೂ ಇದೆ, ಪರದೆಯಿಂದ ದೂರವಿರಬೇಕೆಂದ ನಿಮಗೆ ಅದನ್ನು ಸೂಚಿಸಲು ಸ್ವಲ್ಪ ಸಂಕೋಚವೇ. ಇಷ್ಟವಾದರೆ 2018ರ ‘ಫಾರೆಸ್ಟ್ ಆಫ್ ಶ್ಯಾಡೋಸ್’ ಇದೆ. ಅದು ತಾನೇ ಸ್ವತಂತ್ರ ಆಟ, ಇದರೊಡನೆ ಬೆರೆಸಲೂ ಬರುತ್ತದೆ, ವಿಷವೆಂಬ ಹೊಸ ತೊಡಕೊಂದನ್ನು ತರುತ್ತದೆ.

ನಿಮ್ಮ ಸ್ನೇಹಿತರು ‘ಟೂ ಮೆನಿ ಬೋನ್ಸ್’ ಹೆಸರನ್ನೂ ಹೇಳಿರಬಹುದು. ಚಿಪ್ ಥಿಯರಿ ಗೇಮ್ಸ್ 2017ರಲ್ಲಿ ತಂದ ಆ ಆಟ ಒಬ್ಬರಿಂದ ನಾಲ್ವರವರೆಗಿನದು. ನೂರಕ್ಕೂ ಹೆಚ್ಚು ದಾಳಗಳು, ರಾಕ್ಷಸರಿಗೆ ಜೂಜಿನ ಬಿಲ್ಲೆಗಳಂಥ ಭಾರದ ಚಿಪ್ಪುಗಳು, ಒದ್ದೆಯಾದರೂ ಕೆಡದ ಮ್ಯಾಟುಗಳು. ಪ್ರತಿ ಕೌಶಲಕ್ಕೂ ಅದರದೇ ಚಿತ್ರಗಳಿರುವ ಪ್ರತ್ಯೇಕ ದಾಳವಿರುವುದು ಅದರ ವೈಶಿಷ್ಟ್ಯ. ಗರ ಬಿದ್ದ ಮೇಲೆ ಏನುಳಿಯುತ್ತದೆ ಎಂಬ ನನ್ನ ಪ್ರಶ್ನೆಗೆ ಅದರ ಉತ್ತರ ಬಹಳ ಸೊಗಸಾದದ್ದು: ದಾಳದಲ್ಲಿ ವಿಫಲತೆಯ ಗುರುತಾದ ಮೂಳೆ ಬಿದ್ದರೆ ಅದನ್ನು ಕೂಡಿಟ್ಟು, ಸಾಕಷ್ಟಾದಾಗ ಬೇರೊಂದು ಉಪಾಯಕ್ಕೆ ಬಳಸಬಹುದು. ಆದರೆ ಬೆಲೆ ಹೆಚ್ಚು, ನಿಯಮಗಳನ್ನು ಅರಗಿಸಿಕೊಳ್ಳಲು ಕೆಲವು ಸಂಜೆಗಳೇ ಬೇಕು, ಹರಡಿ ಮತ್ತೆ ಜೋಡಿಸಿಡುವುದರಲ್ಲೇ ನಿಮ್ಮ ಒಂದು ಗಂಟೆಯ ದೊಡ್ಡ ಪಾಲು ಕಳೆಯುತ್ತದೆ. ಮುಂದೆಂದಾದರೂ ಕೊಳ್ಳುವುದಾದರೆ ಒಬ್ಬರು ಅಥವಾ ಇಬ್ಬರಿಗೆಂದೇ ಇರುವ ‘ಅಂಡರ್‌ಟೋ’ ಎಂಬ ಸಣ್ಣ ಪೆಟ್ಟಿಗೆಯಿಂದ ತೊಡಗಿ. 2019ರ ‘ಸೆಟ್ ಎ ವಾಚ್’ ಕೂಡ ಒಳ್ಳೆಯದೇ. ಅದರಲ್ಲಿ ರಾತ್ರಿಯಿಡೀ ಮೂವರು ಕಾವಲು ನಿಂತಾಗ ಒಬ್ಬರು ಶಿಬಿರದಲ್ಲಿ ವಿಶ್ರಮಿಸುತ್ತಾರೆ. ಒಬ್ಬರೇ ಆಡುವಾಗ ನಾಲ್ವರನ್ನೂ ನೀವೇ ನಡೆಸಬೇಕಾಗುವುದರಿಂದ ದಣಿದ ರಾತ್ರಿಗೆ ಅದು ಸ್ವಲ್ಪ ಹೊರೆ.

ಮಗಳ ವಿಷಯ. ಕಾರ್ಡುಗಳ ಪಠ್ಯ ಇಂಗ್ಲಿಷಿನಲ್ಲಿದೆ, ಆದರೆ ಕಾದಾಟದ ಭಾಗವೆಲ್ಲ ಬಣ್ಣ, ಅಂಕಿ, ಗುರುತುಗಳದ್ದೇ. ಓದಬೇಕಾದದ್ದು ಕೌಶಲಗಳ ಒಂದೆರಡು ಸಾಲು ಮಾತ್ರ, ಹನ್ನೆರಡರ ಹುಡುಗಿಗೆ ಅದು ತೊಡಕಾಗದು. ಇಬ್ಬರು ಆಡುವಾಗ ನಾಯಕಿಯರ ಕಾರ್ಡನ್ನು ಮಗುಚಿ ಇನ್ನೊಂದು ಮುಖ ಬಳಸಬೇಕು. ಅದರಲ್ಲಿ ಪ್ರತಿಯೊಬ್ಬರ ದಾಳ ಕಡಿಮೆ, ಆದರೆ ಇಬ್ಬರ ದಾಳಗಳೂ ಒಂದೇ ರಾಕ್ಷಸನ ಮನೆಗಳನ್ನು ತುಂಬುತ್ತವೆ. ಅಷ್ಟು ಹೊತ್ತಿಗೆ ನಿಮಗೆ ಆಟ ಚೆನ್ನಾಗಿ ಕೈಹತ್ತಿರುತ್ತದೆಯಾದ್ದರಿಂದ ಮೊದಲು ಹೇಳಿದ ಪೀಡೆ ನೀವೇ ಆಗುವ ಅಪಾಯವಿದೆ. ಅವಳ ದಾಳಗಳನ್ನು ಅವಳೇ ಇಡಲಿ, ಆ ಹಳದಿ 2 ಮೂಲೆಯಲ್ಲಿ ಬಿದ್ದಿರುವುದು ನಿಮಗೆ ಕಂಡರೂ ಅವಳಿಗೆ ಕಾಣುವವರೆಗೆ ಸುಮ್ಮನಿರಿ.

ಕೊನೆಗೆ ಒಂದು ಸಣ್ಣ ಸೂಚನೆ. ಮೊದಮೊದಲು ನಾನು ದಾಳಗಳನ್ನು ಸ್ಟೀಲಿನ ಊಟದ ತಟ್ಟೆಯಲ್ಲಿ ಉರುಳಿಸುತ್ತಿದ್ದೆ. ರಾತ್ರಿ ಹನ್ನೊಂದಕ್ಕೆ ಹತ್ತು ದಾಳ ಒಟ್ಟಿಗೆ ತಟ್ಟೆಗೆ ಬಿದ್ದ ಸದ್ದಿಗೆ ಮನೆಯವರೆಲ್ಲ ಎದ್ದು ಬಂದರು. ತಟ್ಟೆಯೊಳಗೆ ಒಂದು ಹಳೆಯ ಟವೆಲ್ ಹಾಸಿಕೊಳ್ಳಿ.